ಇಲವಾಲದ ಬಸ್ಸಿನಲ್ಲಿ ಅಜ್ಜಿ

ಕಾಲು ತೂಗುತ್ತಿದೆ, ಯಾವುದೋ ಪುಟ್ಟ ಹುಡುಗಿ ಇರಬೇಕು, ಮುಂದೆ ಲೇಡೀಸ್ ಸೀಟಿನ ಕೆಳಗೆ ಎರಡು ಪಾದ, ನೆಲ ಮುಟ್ಟದೆ ಹಿಂದೆ ಮುಂದೆ, ಹಿಂದೆ ಮುಂದೆ, ಚಪ್ಪಲಿ ಕಳಚಿ ಬಿದ್ದಿದೆ, ಆದರೆ ಪುಟ್ಟ ಹುಡುಗಿಯ ಹಿಮ್ಮಡಿ ಹೀಗೆ ಒಡೆದಿರುತ್ತದೆಯೇ, ಈ ಬಿರುಕಿಗೆ ಮೊನ್ನೆ ತಾನೇ ನಾನು ವ್ಯಾಸಲೀನ್ ಸವರಿದ್ದೆನಲ್ಲ, ಅಯ್ಯೋ ದೇವರೇ, ಅಜ್ಜಿ! ನನ್ನ ಗಿರಿಜಾಂಬಾ ಅಜ್ಜಿ, ಸಿಟಿ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕಣ್ಮರೆಯಾಗಿ ನನ್ನ ಜೀವ ಬಾಯಿಗೆ ತರಿಸಿದವರು, ಸದ್ಯ, ನಾನು ಓಡಿಬಂದು ಹತ್ತಿದ ಬಸ್ಸೇ ಸರಿಯಾಯಿತು, ಇಲ್ಲಿ ಕಿಟಕಿ ಪಕ್ಕ ಕೂತು ಕಾಲು ತೂಗಾಡಿಸುತ್ತಿದ್ದಾರೆ — ಕಾಲು ಆಡಿಸ್ಬೇಡ ಕಣೇ, ಹೆಣ್ಮಕ್ಕಳು ಹಂಗೆಲ್ಲ ಕಾಲು ಆಡಿಸ್ಬಾರದು ಅಂತ ನನ್ನ ತೊಡೆ ಚಿವುಟುತ್ತಿದ್ದವರು ಇದೇ ಅಜ್ಜಿ ತಾನೇ.

ಮನೆಯಲ್ಲಿ ಹೇಳಿ ಹೊರಟದ್ದು ಮಠಕ್ಕೆ ಹೋಗ್ಬರ್ತೀನಿ ಅಂತ, ದಿನಾ ಹೇಳುವುದೂ ಅದೇ, ಮಠ ಇರುವುದು ಬೆಟ್ಟದ ಕಡೆ, ಈ ಬಸ್ಸು ಹಿಡಿದಿರುವುದು ಹುಣಸೂರು ರಸ್ತೆ, ಆಗಲೇ ಕಲಾಮಂದಿರ ದಾಟಿತು, ಹಾಗಾದರೆ ಅಪ್ಪ ಹೇಳಿದ್ದೇ ನಿಜವೇ, ಬೆಳಿಗ್ಗೆ ಅಪ್ಪ ಕಾಫಿ ಲೋಟ ಕುಡಿಯದೆ ಕೆಳಗಿಟ್ಟು ಅಂದಿದ್ದರು, ಅವ್ವಂಗೆ ಮರೆವು ಶುರುವಾಗ್ಬುಟ್ಟಿದೆ ಕಣೇ ಐಶು, ಯಾವ್ಯಾವುದೋ ಬಸ್ ಹತ್ತುತಾರಂತೆ, ಎದುರುಮನೆ ಬೆಟ್ಟಯ್ಯ ನೋಡಿದ್ರಂತೆ, ಇವತ್ತೊಂದಿನ ಗೊತ್ತಾಗ್ದಂಗೆ ಹಿಂದೆ ಹೋಗಿ ನೋಡ್ಕೊಂಡು ಬಾ, ನೀನು ಯೂನಿವರ್ಸಿಟೀಲಿ ವೃದ್ಧಾಪ್ಯ ಗಿದ್ಧಾಪ್ಯ ಅಂತ ಏನೇನೋ ಓದ್ತೀಯಲ್ಲ, ದಾರಿ ತಪ್ತಿದ್ದಾರೆ ಅಂದ್ರೆ ನಾಳೆಯಿಂದ ಗೇಟಿಗೆ ಬೀಗ, ಬೇರೆ ದಾರಿ ಇಲ್ಲ, ಹೆತ್ತ ತಾಯಿ ಬೀದೀಲಿ ಕಳೆದುಹೋದ್ರೆ ನಾನು ಎಲ್ಲಿ ಅಂತ ಹುಡುಕಲಿ — ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೂ ಬರಲಿಲ್ಲ, ಹೆದರಿದವರ ಮೇಲೆ ಎಂಥ ಸಿಟ್ಟು. ಪಾಪ, ಅವರು ಆಫೀಸಿಗೆ ಹೋಗಿ ನನ್ನ ಫೋನಿಗೇ ಕಾಯುತ್ತಿರುತ್ತಾರೆ.

ಮಾತಾಡಿಸಿಬಿಡಲೇ, ಬೇಡ, ಮಾತಾಡಿಸಿದರೆ ಆ ಕಾಲು ನಿಂತುಬಿಡುತ್ತದೆ, ದುಪಟ್ಟಾ ಮುಖಕ್ಕೆ ಸುತ್ತಿಕೊಂಡು ಆಚೆ ಸಾಲಿನಲ್ಲಿ ಒಂದು ಸೀಟು ಹಿಂದೆ, ಅವರ ಮುಖ ಓರೆಯಾಗಿ ಕಾಣುವ ಹಾಗೆ ಕೂತಿದ್ದೇನೆ, ಒಳ್ಳೆ ಪತ್ತೇದಾರಿ, ಎಂ.ಎ. ಸಮಾಜಶಾಸ್ತ್ರದ ಐಶ್ವರ್ಯ, ಲಿಂಗತ್ವ ಒಂದು ಪೇಪರ್, ಜನಾಂಗ ಒಂದು, ವಯಸ್ಸು ಒಂದು, ನಗರ ಒಂದು, ನಾಲ್ಕನ್ನೂ ಬೇರೆ ಬೇರೆ ಓದಿ ಬೇರೆ ಬೇರೆ ಮರೆಯುವವಳು. ಲಹರಿ ಮೇಡಂ ಕ್ಲಾಸಿನಲ್ಲಿ ಕೇಳಿದ್ದರು, ಈ ಊರಿನಲ್ಲಿ ಸುಮ್ಮನೆ ನಿಂತಿರೋ ಗಂಡಸರನ್ನ ಎಲ್ಲಿ ಬೇಕಾದ್ರೂ ತೋರಿಸ್ತೀರಿ, ಟೀ ಅಂಗಡಿ, ಸರ್ಕಲ್ಲು, ಕೆರೆ ಏರಿ, ಸುಮ್ಮನೆ ಹೊರಗೆ ಬಂದಿರೋ ಒಬ್ಬ ಹೆಂಗಸನ್ನ ಹುಡುಕ್ಕೊಂಡು ಬನ್ನಿ ನೋಡೋಣ, ಕೆಲಸ ಇಲ್ಲದೆ, ಕಾರಣ ಇಲ್ಲದೆ — ನಾನು ಚಾಮರಾಜಪುರಂ ಅಲೆದೆ, ಮಾರ್ಕೆಟ್ಟು ಅಲೆದೆ, ಎಲ್ಲರ ಕೈಯಲ್ಲೂ ಒಂದು ಚೀಲ, ಎಲ್ಲರಿಗೂ ಮನೆಗೆ ಹೋಗುವ ಅವಸರ, ಅಂಥ ಹೆಂಗಸು ಮೈಸೂರಿನಲ್ಲಿಲ್ಲ ಅಂತ ಬರೆದುಕೊಟ್ಟು ಬೆನ್ನು ತಟ್ಟಿಸಿಕೊಂಡೆ. ಅಜ್ಜಿಯ ತೊಡೆಯ ಮೇಲೂ ಒಂದು ಬಟ್ಟೆ ಚೀಲ ಇದೆ, ಚಪ್ಪಟೆಯಾಗಿದೆ, ಅದರೊಳಗೆ ಫ್ರೀ ಟಿಕೆಟ್ಟಿಗೆ ತೋರಿಸುವ ಆಧಾರ್ ಕಾರ್ಡು ಬಿಟ್ಟರೆ ಏನೂ ಇಲ್ಲ.

ಪಡುವಾರಹಳ್ಳಿ ಸಿಗ್ನಲ್ಲು, ಗಾಳಿ ನಿಂತಿತು, ಕಾಲೂ ನಿಂತಿತು, ಹಸಿರು ಬಿದ್ದಿತು, ಮತ್ತೆ ಹಿಂದೆ ಮುಂದೆ, ಮನೆಯಲ್ಲಿ ಈ ಹೆಂಗಸು ಬರಿಗೈಯಲ್ಲಿ ಕೂತದ್ದನ್ನು ನಾನು ಕಂಡದ್ದುಂಟೇ, ಟಿವಿ ನೋಡುವಾಗಲೂ ಮೊರದ ತುಂಬ ಅವರೆಕಾಯಿ, ಕೈ ಒಂದೇ ಸಮ ಸುಲಿಯುತ್ತಲೇ ಇರುತ್ತದೆ, ಆ ಕೈಗಳು ಈಗ ಚೀಲದ ಮೇಲೆ ಅಂಗಾತ ಬಿದ್ದಿವೆ, ತುಟಿ ಅಲ್ಲಾಡುತ್ತಿದೆ, ಮಂತ್ರವೇ, ಅಲ್ಲ, ಬೋರ್ಡು ಓದುತ್ತಿದ್ದಾರೆ, ಫರ್ನಿಚರ್ ಅಂಗಡಿ, ದಂತ ಚಿಕಿತ್ಸಾಲಯ, ಬಿರಿಯಾನಿ ಹೋಟೆಲು ಕೂಡ, ಎಲ್ಲವನ್ನೂ ಓದುತ್ತಿದ್ದಾರೆ, ಹಣೆಯ ವಿಭೂತಿ ಬೆವರಿಗೆ ಅಳಿಸಿದೆ, ಬಿಸಿಲು ಮುಖಕ್ಕೆ ಬಿದ್ದರೆ ಸೆರಗು ಅಡ್ಡ ಹಿಡಿಯುವುದಿಲ್ಲ, ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದೇನೆ, ಇವರನ್ನು ನೋಡಿಯೇ ಇರಲಿಲ್ಲ, ಈ ಮುಖ ಯಾರ ಅವ್ವನದೂ ಅಲ್ಲ, ಯಾರ ಅಜ್ಜಿಯದೂ ಅಲ್ಲ, ಕೈಮುಗಿಯಬೇಕು ಅನ್ನಿಸುತ್ತಿದೆ. ಹಿನಕಲ್ ಬಂತು, ಅರ್ಧ ಬಸ್ಸು ಖಾಲಿಯಾಯಿತು.

ಇಲವಾಲ, ಎಲ್ಲರೂ ಇಳಿದರು, ಅಜ್ಜಿ ಇಳಿಯಲಿಲ್ಲ, ನಾನು ಹಿಂದಿನ ಸೀಟಿಗೆ ಸರಿದು ತಲೆ ತಗ್ಗಿಸಿದೆ, ಕಂಡಕ್ಟರ್ ಬಂದ, ಅಜ್ಜೀ, ಲಾಸ್ಟ್ ಸ್ಟಾಪು, ಇಳಿಯಲ್ವಾ, ಈಗ ಇವರು ಪಿಳಿಪಿಳಿ ಕಣ್ಣು ಬಿಟ್ಟು ಇದು ಯಾವೂರಪ್ಪ ಅಂದರೆ ಮುಗಿಯಿತು, ಬೀಗ, ಕೇಳಬೇಡ ಕಂಡಕ್ಟರ್, ಏನೂ ಕೇಳಬೇಡ — ಇಳಿದು ಏನ್ಮಾಡ್ಲಪ್ಪ, ಬರ್ತಾ ಆ ಕಡೇದೆಲ್ಲ ನೋಡ್ದೆ, ಹೋಗ್ತಾ ಈ ಕಡೇದು ನೋಡ್ತೀನಿ, ಕೂತಲ್ಲೇ ಕೂತಿದ್ರೆ ಎರಡೂ ಕಡೆ ಆಗುತ್ತಲ್ಲ, ಬೆಟ್ಟದ ರೋಡು ನಿನ್ನೇನೇ ಮುಗೀತು, ನಾಳೆ ಬೋಗಾದಿ ಕಡೆ, ತಗೋ ಕಾರ್ಡು, ವಾಪಸ್ ಟಿಕೆಟ್ ಕೊಡು. ಕಂಡಕ್ಟರ್ ನಕ್ಕು ಟಿಕೆಟ್ ಕೊಟ್ಟ, ಮರೆವಂತೆ ಮರೆವು, ಊರನ್ನೇ ರಸ್ತೆ ರಸ್ತೆಯಾಗಿ ಓದಿ ಮುಗಿಸುತ್ತಿದ್ದಾರೆ ಪುಣ್ಯಾತ್ಗಿತ್ತಿ. ಫೋನು ಅದುರುತ್ತಿದೆ, ಅಪ್ಪ, ದನಿ ತಗ್ಗಿಸಿ ಮಾತಾಡಬೇಕು, ಎಲ್ಲಿದ್ದಾರೆ ಅವ್ವ, ಇಲ್ಲೇ ಇದ್ದಾರೆ ಅಪ್ಪಾ, ದಾರಿ ತಪ್ಪಿದ್ರಾ, ಇಲ್ಲಪ್ಪ, ನನಗಿಂತ ಚೆನ್ನಾಗಿ ಗೊತ್ತು, ಮತ್ತೆ ಎಲ್ಲಿಗೆ ಹೋಗ್ತಿದ್ದಾರೆ, ಮಠಕ್ಕಾ — ಹೂಂ ಅಂದುಬಿಟ್ಟರೆ ಸಾಕು, ನಾಲಿಗೆ ತುದಿಗೇ ಬಂದಿದೆ, ಆದರೆ ಹೂಂ ಅಂದರೆ ನಾಳೆಯೂ ಇವರು ಖಾಲಿ ಚೀಲ ಹಿಡಿದು ಸುಳ್ಳು ಹೇಳಿಯೇ ಹೊರಡಬೇಕು, ಎಲ್ಲಿಗೂ ಇಲ್ಲಪ್ಪ, ಸುಮ್ನೆ, ಗೇಟಿಗೆ ಬೀಗ ಹಾಕ್ಬೇಡಿ ಅಪ್ಪಾ, ಸುಮ್ನೆ ಬಂದಿದ್ದಾರೆ, ಸುಮ್ನೆ ಅಂದ್ರೆ ಏನೇ ಐಶು, ಬಸ್ಸು ತಿರುಗುತ್ತಿದೆ, ಸುಮ್ನೆ ಅಂದ್ರೆ, ಸುಮ್ನೆ ಅಂದ್ರೆ ಅಪ್ಪಾ, ಕಾಲು — ಅಜ್ಜಿಯ ಕಾಲು, ನೆಲ ಮುಟ್ಟದೆ, ಹಿಂದೆ ಮುಂದೆ, ಹಿಂದೆ ಮುಂದೆ