ಜಾತಕದ ಜೊತೆ ಬಂದ ರಕ್ತಪರೀಕ್ಷೆ

೧
ಈ ಕಥೆ ಎಲ್ಲಿಂದ ಶುರು ಮಾಡಲಿ? ನಾನು ಕೆಲಸ ಮಾಡುವ ಪತ್ರಿಕೆಯಲ್ಲಾದರೆ ಸುಲಭ: 'ಭದ್ರಾವತಿಯ ಲ್ಯಾಬೊಂದರ ವರದಿ ಶಿವಮೊಗ್ಗದ ವಧೂವರ ಕೇಂದ್ರದಲ್ಲಿ ಪ್ರಿಂಟಾಗಿದೆ.' ಯಾರೂ ಕದ್ದಿಲ್ಲ, ಹ್ಯಾಕ್ ಮಾಡಿಲ್ಲ. ನನಗೆ ಗಾಬರಿಯಾಗಿದ್ದೇ ಅದಕ್ಕೆ.

೨
(ಕ್ಲೌಡ್ ಎಂದರೇನು ಅಂತ ಒಂದು ಪುಟ ಬರೆದೆ. ನನಗೇ ಆಕಳಿಕೆ ಬಂತು. ಉಳಿಸಿದ್ದು ಇಷ್ಟು.)

ಲ್ಯಾಬಿಗೂ ವಧೂವರ ಕೇಂದ್ರಕ್ಕೂ ಪರಿಚಯವಿಲ್ಲ. ಇಬ್ಬರಿಗೂ ಸಾಫ್ಟ್‌ವೇರ್ ಕೊಟ್ಟ ಕಂಪನಿ ಮಾತ್ರ ಒಂದೇ. ಇಬ್ಬರ ಮಾಹಿತಿಯೂ ಅಂತರ್ಜಾಲದಲ್ಲಿ ಬಾಡಿಗೆಗೆ ಸಿಗುವ ಶೇಖರಣಾ ಜಾಗ, ಅಂದರೆ ಕ್ಲೌಡ್‌ನ ಒಂದೇ ಡೇಟಾಬೇಸ್‌ನಲ್ಲಿತ್ತು. ನಡುವೆ ಇರಬೇಕಿದ್ದ ತಡೆಯನ್ನು, ಹುಡುಕಾಟ ಬೇಗ ಆಗಲಿ ಎಂದು ಯಾರೋ ತೆಗೆದಿದ್ದರು. ಮೊಬೈಲ್ ನಂಬರ್ ಹಾಕಿದರೆ ಇಬ್ಬರಲ್ಲಿರುವುದೂ ಬರುತ್ತದೆ. ಅಲ್ಲಿ ಇನ್ನೂ ಯಾರ್ಯಾರ ಮಾಹಿತಿ ಇದೆ ಎಂದು ಕೇಳಿದೆ. ಕಂಪನಿಯವರು ಫೋನ್ ಇಟ್ಟರು.

೩
ಶಿವಮೊಗ್ಗದ ಕೋಟೆ ಏರಿಯಾದಲ್ಲಿ ವಧೂವರ ಕೇಂದ್ರ ನಡೆಸುವ ಜಗದಾಂಬಾ, ಜಾತಕ ತೆಗೆಯಲು ಭದ್ರಾವತಿಯ ಹೆಣ್ಣು ತನುಜಾಳ ನಂಬರ್ ಹಾಕಿದರು. ಜಾತಕದ ಕೆಳಗೆ ರಕ್ತಪರೀಕ್ಷೆಯ ವರದಿ.

"ನಂಗೇನ್ ಗೊತ್ತು ಮಾರಾಯ? ಹೊಸ ಸೌಲಭ್ಯ ಅಂದ್ಕೊಂಡೆ. ಈಗಿನ ಗಂಡಿನ ಕಡೆಯೋರು ಏನ್ ತಾನೇ ಕೇಳಲ್ಲ!"

ಎರಡಕ್ಕೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಗಂಡು ಮಲ್ಲಿಕ್‌ನ ತಾಯಿಗೆ ಕೊಟ್ಟರು.

(ವರದಿಗೂ ಅರಿಶಿನ! ಇದನ್ನು ನಾನು ಕಟ್ಟಿದ್ದರೆ ಅತಿಯಾಯಿತೆಂದು ನಾನೇ ಹೊಡೆದುಹಾಕುತ್ತಿದ್ದೆ.)

೪
ತನುಜಾಗೆ ಫಿಟ್ಸ್ ಇದೆ. ಮಾತ್ರೆಯಿಂದ ಹತೋಟಿಯಲ್ಲಿದೆ; ರಕ್ತದಲ್ಲಿ ಆ ಮಾತ್ರೆ ಎಷ್ಟಿದೆಯೆಂದು ಆಗಾಗ ಪರೀಕ್ಷಿಸಬೇಕು. ಮದುವೆ ಮಾತು ಮುಂದುವರಿಯುವ ಮೊದಲು ತಾನೇ ಹೇಳಬೇಕೆಂದು ಮಲ್ಲಿಕ್‌ನನ್ನು ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಕರೆದಿದ್ದಳು. ಬಸ್ಸಿನಲ್ಲಿ ಕೂತು, ಅದು ಹೊರಡುವ ಮೊದಲೇ ಬಾಯಿ ತೆರೆದಳು.

"ನಂಗೊಂದು..."

"ಫಿಟ್ಸ್ ತಾನೆ? ಗೊತ್ತು. ರಿಪೋರ್ಟಲ್ಲಿ ಮಾತ್ರೆ ಹೆಸರಿತ್ತಲ್ಲ, ಅಮ್ಮ ಮೆಡಿಕಲ್ ಶಾಪಲ್ಲಿ ವಿಚಾರಿಸಿದ್ರು. ನಿಮ್ ಕಡೆಯಿಂದ್ಲೇ ಬಂತಲ್ಲ?"

"ಮೆಡಿಕಲ್ ಶಾಪಲ್ಲಾ?" ತನುಜಾ ಕಿಟಕಿಯ ಜಾಲರಿ ಹಿಡಿದುಕೊಂಡಳು. "ನಾನು ಯಾರಿಗೂ ಏನೂ ಕೊಟ್ಟಿಲ್ಲ."



೫
ಕಥೆಗೆ ಎರಡು ಅಂತ್ಯ ಬರೆದೆ. ಅಂತ್ಯ ಒಂದು: ಸಂಬಂಧ ಮುರಿಯಿತು.

ಅಂತ್ಯ ಎರಡು: ಮಲ್ಲಿಕ್ ದೊಡ್ಡ ಮನಸ್ಸು ಮಾಡಿದ.

ತನುಜಾ ಎರಡನ್ನೂ ಓದಿ, ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಬರೆಯುತ್ತಾ ಕೂತಿದ್ದ ನನ್ನ ಕಡೆ ಎಸೆದಳು. "ದೊಡ್ಡ ಮನಸ್ಸಂತೆ! ಎರಡರಲ್ಲೂ ತೀರ್ಮಾನ ಅವರದ್ದೇ. ನಾನೇನು ಹುಲಿ ನೋಡ್ಕೊಂಡು ಕೂರ್ಲಾ?"

"ಹಾಗಾದ್ರೆ ನೀವೇ ಹೇಳಿ."

"ಹೇಳ್ತೀನಿ. ನಿಮಗಲ್ಲ." ಮಲ್ಲಿಕ್ ಕಡೆ ತಿರುಗಿದಳು. "ಆ ಕಾಗದ ಮರೆತುಬಿಡಿ. ಮೊದಲ ಸಲ ಫಿಟ್ಸ್ ಬಂದಾಗ ನಾನು..." ನಿಲ್ಲಿಸಿ ನನ್ನತ್ತ ನೋಡಿದಳು. "ಇನ್ನೂ ಇಲ್ಲೇ ಇದೀರಲ್ಲ ಸಾರ್? ಇಳೀರಿ."

ಇಳಿದೆ. ಬಸ್ಸು ಹೊರಟಾಗ ಜಾಲರಿಯ ಹಿಂದೆ ಅವಳ ತುಟಿ ಅಲುಗುತ್ತಿತ್ತು. ಏನು ಹೇಳಿದಳೋ ನನಗೆ ಗೊತ್ತಿಲ್ಲ. ವಿಚಾರಿಸಿಯೂ ಇಲ್ಲ.