ಬಲಗಡೆಯ ಉಸಿರು

ಒಬ್ಬರಾದ ಮೇಲೆ ಒಬ್ಬರು ಮುಗಿಸಬೇಕಾದ, ಮೂವರ ತಂಡದ ಸ್ಪರ್ಧೆ: ಈಜುವುದು ನಾನು, ಸೈಕಲ್ ತುಳಿಯುವುದು ಭಾವ, ಓಡುವುದು ಅಕ್ಕನ ಮಗಳು. ದಿನವಿಡೀ ಹೊಲಿಗೆ ಮಿಷನ್ನಿನ ಮುಂದೆ ಕೂರುವ ನನ್ನನ್ನು ಸ್ಪರ್ಧೆಗೆಂದು ಕೆರೆಗೆ ಇಳಿಸಿದ ಪುಣ್ಯ ಭಾವನದು. "ಚಿಕ್ಕವಳಿದ್ದಾಗ ಮೀನಿನ ಹಾಗೆ ಈಜ್ತಿದ್ದೆಯಂತೆ!" ಎಂದು ಉಬ್ಬಿಸಿದ್ದರು.

ಈಜುತ್ತಿದ್ದುದೇನೋ ನಿಜ, ಆದರೆ ಈಜುಕೊಳದಲ್ಲಿ. ನೀರು ಕಂಡರೆ ಅರಚುತ್ತಿದ್ದ ನನಗೆ ಅಪ್ಪ, "ಉಸಿರಿಗೆ ಮುಖ ತಿರುಗಿಸಿದಾಗೆಲ್ಲ ನನ್ನ ನೋಡು, ಸಾಕು" ಎಂದಿದ್ದರು. ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಕೊಳದ ಬಲ ಅಂಚಿನಲ್ಲಿ ನನ್ನ ಜೊತೆಗೇ ನಡೆಯುತ್ತಿದ್ದರು. ಆ ತುದಿಯಲ್ಲಿ ನಾನು ಗೋಡೆ ಹಿಡಿದು ಏದುಸಿರು ಬಿಡುವಷ್ಟರಲ್ಲಿ ಆಚೆ ಅಂಚಿಗೆ ಓಡಿ, ಮತ್ತೆ ನನ್ನ ಬಲಕ್ಕೇ ಬಂದಿರುತ್ತಿದ್ದರು. ಎಡಕ್ಕೆ ಉಸಿರು ತೆಗೆದುಕೊಳ್ಳುವುದನ್ನು ನಾನು ಕಲಿಯಲೇ ಇಲ್ಲ.

ಕೆರೆಯಲ್ಲಿ ಹೋಗುವಾಗ ದಡ ಬಲಕ್ಕಿತ್ತು. ಮರ, ಜನ, ಯಾರದೋ ಕೆಂಪು ಛತ್ರಿ ನೋಡುತ್ತಾ ಹಾಯಾಗಿ ಹೋದೆ. ಗುರುತಿಗೆ ತೇಲಿಬಿಟ್ಟಿದ್ದ ದೊಡ್ಡ ಬಲೂನನ್ನು ಸುತ್ತಿ, ವಾಪಸ್ ಹೊರಟು, ಬಲಕ್ಕೆ ಮುಖ ತಿರುಗಿಸಿದೆ. ಬರೀ ನೀರು. ಅಪ್ಪ ಹೋಗಿ ವರ್ಷಗಳಾಗಿದ್ದರೂ ಸುದ್ದಿ ಈಗಷ್ಟೇ ಬಂದ ಹಾಗಾಯಿತು. ಕೆಮ್ಮುತ್ತಾ ಅಲ್ಲೇ ತೇಲುತ್ತಾ ನಿಂತೆ. ಸಿಟ್ಟೂ ಬಂತು: ಕಲಿಸುವವರು ಎರಡೂ ಕಡೆ ಕಲಿಸಬಾರದಿತ್ತೇ?

ಕೊನೆಗೆ ಉಸಿರಿಗೆ ದಡವಿದ್ದ ಎಡಕ್ಕೇ ಮುಖ ತಿರುಗಿಸಿದೆ. ಅರ್ಧ ನೀರು, ಅರ್ಧ ಗಾಳಿ ಕುಡಿಯುತ್ತಾ ದಡ ಸೇರಿದೆ.

"ಎಲ್ಲರೂ ಬಂದಾಯ್ತು! ಮಧ್ಯ ನಿಂತು ಏನ್ಮಾಡ್ತಿದ್ದೆ?" ಎಂದು ಭಾವ ನನ್ನ ಕಾಲಿನಿಂದ ತಂಡದ ಸಮಯ ಅಳೆಯುವ ಪಟ್ಟಿ ಬಿಚ್ಚಿ ತಮ್ಮ ಕಾಲಿಗೆ ಕಟ್ಟಿಕೊಂಡರು.

"ಅಪ್ಪ ಇನ್ನೂ ಈ ಕಡೆಗೆ ಬಂದಿರಲಿಲ್ಲ ಭಾವ," ಎಂದೆ. "ಕಾಯ್ತಿದ್ದೆ."