ತಟ್ಟಿ ನೋಡಿದವರು

"ಈ ಬಂಡೆ ತಟ್ಟಿ ನೋಡಿದ್ದು ಯಾರು?"

ಇಂಜಿನಿಯರಮ್ಮ ಎರಡನೇ ಸಲ ಕೇಳಿದಾಗಲೂ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ, ಅಷ್ಟೇ.

ಬಂಡೆ ಹೆದ್ದಾರಿಯ ನಟ್ಟನಡುವೆ ಬಿದ್ದಿತ್ತು. ಪಕ್ಕದಲ್ಲೇ ಹಾಲಿನ ವ್ಯಾನು, ಮೂತಿ ಜಜ್ಜಿಹೋಗಿ ನಿಂತಿತ್ತು. ಚಾಲಕನನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಜೀವಕ್ಕೇನೂ ಅಪಾಯವಿಲ್ಲ, ಕಾಲು ಮುರಿದಿದೆ ಅಷ್ಟೇ ಎಂದು ಸುದ್ದಿ ಬಂದಿತ್ತು. ಅಷ್ಟೇ ಅಂತೆ! ಕಾಲು ಮುರಿಸಿಕೊಂಡವನ ಮನೆಯಲ್ಲಿ ಹೋಗಿ ಹೇಳಲಿ ನೋಡೋಣ ಆ ಮಾತನ್ನು.

ಗುಡ್ಡ ಕಡಿದು ರಸ್ತೆ ಮಾಡಿದ ಕಡೆಯಲ್ಲೆಲ್ಲ ಹಗ್ಗಕ್ಕೆ ಜೋತುಬಿದ್ದು ಬಂಡೆ ಪರೀಕ್ಷಿಸುವುದು ಮೇಸ್ತ್ರಿಯ ತಂಡದ ಕಸುಬು. ಸುತ್ತಿಗೆಯಿಂದ ತಟ್ಟಿದಾಗ ಠಣ್ ಎಂದರೆ ಗಟ್ಟಿ. ಮಂಕಾಗಿ ಡಬ್ ಎಂದರೆ ಹಿಂದೆ ಬಿರುಕು ಬಿಟ್ಟಿದೆ ಎಂದರ್ಥ. ವಾಹನ ತಡೆದು, ಹಾರೆ ಹಾಕಿ ಎಬ್ಬಿಸಿ ಕೆಡವಬೇಕು. ಮೇಸ್ತ್ರಿ "ಗಟ್ಟಿ" ಎಂದರೆ ಕೆಳಗೆ ವಾಹನಗಳಿಗೆ ರಸ್ತೆ ಬಿಡುತ್ತಾರೆ. ಆ ಬೆಳಿಗ್ಗೆ ಈ ಬಂಡೆ ತಟ್ಟಿದ್ದು ಮೇಸ್ತ್ರಿಯೇ, "ಗಟ್ಟಿ" ಎಂದು ಕೂಗಿದ್ದೂ ಅವನೇ.

ಆದರೆ ಬಂಡೆಯ ಸದ್ದು ಅವನಿಗೆ ಕೇಳಿಸದೆ ವರ್ಷಗಳೇ ಕಳೆದಿದ್ದವು. ಡ್ರಿಲ್ಲಿನ ಗದ್ದಲದಲ್ಲಿ ದುಡಿದು ದುಡಿದು ಕಿವಿ ಮಂದವಾಗಿತ್ತು. ಹತ್ತಿರ ನಿಂತು ಆಡಿದ ಮಾತೇನೋ ತಿಳಿಯುತ್ತಿತ್ತು, ಠಣ್ಣಿಗೂ ಡಬ್ಬಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹೇಳಿಕೊಂಡರೆ ಮೇಸ್ತ್ರಿಗಿರಿ ಉಳಿಯುತ್ತದೆಯೇ? ಅದಕ್ಕೇ ಒಂದು ಉಪಾಯ ಹೂಡಿದ್ದ. ಪಕ್ಕದ ಹಗ್ಗದಲ್ಲಿ ಸದಾ ಹೆಂಡತಿಯ ತಮ್ಮ ಇರುತ್ತಿದ್ದ. ಸದ್ದು ಕೆಟ್ಟದಾದರೆ ಅವನ ಮುಖ ಕಷಾಯ ಕುಡಿದವರಂತೆ ಕಿವಿಚಿಕೊಳ್ಳುತ್ತಿತ್ತು. ಮೇಸ್ತ್ರಿ ಬಂಡೆ ತಟ್ಟುವುದು, ಆ ಮುಖ ನೋಡುವುದು, ತೀರ್ಪು ಕೊಡುವುದು. "ನಿನ್ನ ಮೂತಿ ನೋಡಿದ್ರೆ ಗಟ್ಟಿ ಬಂಡೇನೂ ಉದುರುತ್ತೆ ಕಣೋ" ಎಂದು ಗೇಲಿ ಬೇರೆ! ಕೆಲಸಕ್ಕೆ ಬಾರದ ಭಾವಮೈದನನ್ನು ತಾನೇ ದಡ ಹತ್ತಿಸಿದೆನೆಂದು ನೆಂಟರ ಮುಂದೆಲ್ಲ ಕೊಚ್ಚಿಕೊಂಡಿದ್ದ.

ಆ ಬೆಳಿಗ್ಗೆ ಭಾವಮೈದ ಹಲ್ಲುನೋವೆಂದು ಮುಖಕ್ಕೆ ಶಾಲು ಬಿಗಿದುಕೊಂಡು ಬಂದಿದ್ದ. ಕಣ್ಣೆರಡರ ಹೊರತು ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಬಾಯಿಬಿಟ್ಟು ಕೇಳೋಣವೆಂದರೆ ಮೇಸ್ತ್ರಿಗೆ ಮರ್ಯಾದೆಯ ಪ್ರಶ್ನೆ. ಗಟ್ಟಿ ಎಂದುಬಿಟ್ಟ.

"ನಾನು ಮೇಡಂ." ಭಾವಮೈದ ಮುಂದೆ ಬಂದ. "ನಾನೇ ತಟ್ಟಿದ್ದು. ಗಟ್ಟಿ ಅಂತ ಭಾವಂಗೆ ನಾನೇ ಹೇಳ್ದೆ."

ಇಂಜಿನಿಯರಮ್ಮ ಅಲ್ಲೇ ಅವನ ಹೆಲ್ಮೆಟ್ಟು, ಸೊಂಟದ ಬೆಲ್ಟು ಬಿಚ್ಚಿಸಿದರು. "ಇನ್ನು ಮುಂದೆ ಹಗ್ಗ ಮುಟ್ಟಬೇಡಿ" ಎಂದರು. ಮೇಸ್ತ್ರಿ ನೆಲ ನೋಡುತ್ತ ನಿಂತ. ಅಲ್ಲ ಎಂಬ ಒಂದೇ ಒಂದು ಮಾತು ಸಾಕಿತ್ತು. ಹಾಳಾದ್ದು, ನಾಲಿಗೆ ಹೊರಳಲೇ ಇಲ್ಲ.

ಸಾಮಾನಿನ ಶೆಡ್ಡಿನೊಳಗೆ ಭಾವಮೈದ ತನ್ನ ಹಗ್ಗ ಸುತ್ತಿಡುತ್ತಿದ್ದ. ಮೇಸ್ತ್ರಿ ಅವನ ಹಿಂದೆಯೇ ಹೋದ.

"ಯಾಕೋ ಹಂಗಂದೆ? ಯಾರಪ್ಪಾ ಕೇಳಿದ್ರು ನಿನ್ನ?"

"ತಪ್ಪು ನಂದೂ ಇದೆ ಭಾವ. ಶಾಲು ಕಟ್ಕೊಂಡ್ರೆ ನಿಮಗೆ ನನ್ನ ಮುಖ ಕಾಣಲ್ಲ ಅನ್ನೋದು ಹೊಳೀಲೇ ಇಲ್ಲ. ನೀವು ಗಟ್ಟಿ ಅಂದ್ರಿ. ಎಲ್ಲರ ಎದುರು ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಇಳಿದ ಮೇಲೆ ಮೆಲ್ಲಗೆ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ..."

ಮೇಸ್ತ್ರಿ ಹಗ್ಗದ ಮೂಟೆಯ ಮೇಲೆ ಕುಸಿದು ಕೂತ. "ನಿಂಗೆ ಗೊತ್ತಿತ್ತಾ?"

"ಅಕ್ಕ ಹೇಳಿದ್ಲು. ನಿಮ್ಮ ಪಕ್ಕದಲ್ಲೇ ಇರು ಅಂತ್ಲೇ ನನ್ನ ಗ್ಯಾರೇಜ್ ಕೆಲಸ ಬಿಡ್ಸಿದ್ದು. ಇಲ್ದಿದ್ರೆ ಎತ್ತರ ಅಂದ್ರೆ ಕೈಕಾಲು ನಡುಗೋ ನನ್ನಂಥವನಿಗೆ ಯಾಕೆ ಬೇಕಿತ್ತು ಹೇಳಿ ಈ ಕೆಲಸ?"

ಎತ್ತರ ಅಂದರೆ ಇವನಿಗೆ ಭಯವೆಂದು ಮೇಸ್ತ್ರಿಗೆ ಗೊತ್ತೇ ಇರಲಿಲ್ಲ. ತಾನು ಅನ್ನ ಹಾಕಿದೆ ಎಂದು ಬೀಗಿದ್ದೆಲ್ಲ ನೆನಪಾಗಿ ಮುಖ ಬಿಸಿಯಾಯಿತು. ನಾಚಿಕೆ ಎಂದರೆ ಅಂತಿಂಥ ನಾಚಿಕೆಯಲ್ಲ, ಭಾವಮೈದನ ಊದಿದ ಕೆನ್ನೆಯ ಕಡೆ ಕಣ್ಣೆತ್ತಿ ನೋಡುವುದಕ್ಕೂ ಆಗಲಿಲ್ಲ.

"ಮೇಡಂ ಕರೀತಿದಾರೆ, ಹೋಗಿ ಭಾವ" ಎಂದ ಅವನು.

ಬಂಡೆಯನ್ನು ಬದಿಗೆ ತಳ್ಳಿಯಾಗಿತ್ತು. ಎರಡೂ ಕಡೆ ವಾಹನಗಳು ಕಣ್ಣು ಹಾಯುವಷ್ಟು ದೂರ ನಿಂತಿದ್ದವು. "ಉಳಿದದ್ದನ್ನ ನೀವೇ ತಟ್ಟಿ ನೋಡಿ ಮೇಸ್ತ್ರಿ. ನೀವು ಹೂಂ ಅಂದ್ರೆ ರಸ್ತೆ ಬಿಡ್ತೀನಿ. ನಂಬಿಕೆ ಇರೋದು ನಿಮ್ಮ ಮೇಲೇ" ಎಂದರು ಇಂಜಿನಿಯರಮ್ಮ.

ಅವನು ಹತ್ತಿದ. ತಟ್ಟಿದ. ಅದುರು ಅಂಗೈಗೆ ಬಂತು, ಸದ್ದು ಬರಲಿಲ್ಲ. ಮತ್ತೆ ತಟ್ಟಿದ. ಕೆಳಗೆ, ಮುಂದಿದ್ದ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಮಗುವಿಗೆ ಅವನನ್ನೇ ಬೆರಳು ಮಾಡಿ ತೋರಿಸುತ್ತಿದ್ದಳು. ಚಾಲಕರು ಆಗಲೇ ಹೊರಡಲು ಅಣಿಯಾಗಿ ಸೀಟಿನಲ್ಲಿ ಕೂತಿದ್ದರು. ಹೂಂ ಅನ್ನುವುದು ಎಷ್ಟು ಸುಲಭ!

"ಬಿಡ್ಬೇಡಿ!" ಮೇಸ್ತ್ರಿ ಕಿರುಚಿದ. "ರಸ್ತೆ ಬಿಡ್ಬೇಡಿ! ನಂಗೆ ಕಿವಿ ಕೇಳಲ್ಲ! ಬೆಳಿಗ್ಗೆ ತಟ್ಟಿದ್ದೂ ನಾನೇ, ಅವನಲ್ಲ!"

ಬಸ್ಸಿನಿಂದ, ಲಾರಿಗಳಿಂದ, ರಸ್ತೆಯ ಬದಿಯಿಂದ ಮುಖಗಳೆಲ್ಲ ಮೇಲಕ್ಕೆ ತಿರುಗಿದವು. ಇಂಜಿನಿಯರಮ್ಮನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಏನಂದರೋ ಏನೋ. ಮೇಸ್ತ್ರಿ ಹಗ್ಗ ಸಡಿಲಿಸಿಕೊಳ್ಳುತ್ತ, ಅಷ್ಟೂ ಮುಖಗಳ ಕಡೆಗೆ ಮೆಲ್ಲಗೆ ಇಳಿಯತೊಡಗಿದ.